ತಂತಿ ಇಂಟರ್‌ಕಾಮ್ ಸ್ಟೇಷನ್‌ಗಳ ಧ್ವನಿಮಟ್ಟ: ಪರೀಕ್ಷೆ, ಕ್ಯಾಲಿಬ್ರೇಷನ್ ಮತ್ತು ದಾಖಲೆ

ಪೀಠಿಕೆ

ಕಾರ್ಖಾನೆ, ಸಭಾಭವನ, ದೂರದರ್ಶನ ಸ್ಟುಡಿಯೋ ಮುಂತಾದೆಡೆಗಳಲ್ಲಿ ಬಳಕೆಯಾಗುವ ತಂತಿ ಇಂಟರ್‌ಕಾಮ್ ವ್ಯವಸ್ಥೆಯು ಬೆಲೆಯಲ್ಲಿ ಸಣ್ಣದಾದರೂ ಹೊಣೆಯಲ್ಲಿ ಸಣ್ಣದಲ್ಲ. ಕ್ರೇನ್ ಚಾಲಕನಿಗೆ ಕೆಳಗಿನಿಂದ ಹೇಳಿದ ‘ನಿಲ್ಲಿಸು’ ಎಂಬ ಒಂದು ಮಾತು ಕೇಳಿಸದೇ ಹೋದರೆ ಆಗುವ ಹಾನಿಯನ್ನು ಸ್ಟೇಷನ್ನಿನ ಬೆಲೆಯಿಂದ ಅಳೆಯಲಾಗದು. ಹೀಗಿದ್ದೂ ನಮ್ಮಲ್ಲಿ ಬಹುಪಾಲು ಇಂಟರ್‌ಕಾಮ್‌ಗಳನ್ನು ‘ಹಲೋ, ಕೇಳಿಸುತ್ತಿದೆಯೇ?’ ಎಂಬ ಒಂದೇ ಪ್ರಶ್ನೆಯಿಂದ ಪರೀಕ್ಷಿಸಿ ಒಪ್ಪಿಕೊಳ್ಳಲಾಗುತ್ತಿದೆ.

ಧ್ವನಿಯ ವಿಷಯ ತಂತ್ರಜ್ಞರಿಗೆ ಸೇರಿದ್ದು, ಲೆಕ್ಕಪರಿಶೋಧಕನಿಗೆ ಇದರಲ್ಲಿ ಏನು ಕೆಲಸ ಎಂದು ಸದಸ್ಯರು ಕೇಳಬಹುದು. ತಂತ್ರಜ್ಞರು ಮುಗಿಸಿಹೋದ ಕೆಲಸದ ವ್ಯಾಜ್ಯವು ಕೊನೆಗೆ ಬಿಲ್ಲಿನ ರೂಪದಲ್ಲಿ ನಮ್ಮ ಮೇಜಿಗೇ ಬರುತ್ತದೆ. ಇಂಥ ಒಂದು ಪ್ರಕರಣದಲ್ಲಿ ಸಣ್ಣ ಘಟಕವೊಂದು ಒಂದು ಕಾರ್ಖಾನೆಗೆ ಇಂಟರ್‌ಕಾಮ್ ಸ್ಟೇಷನ್‌ಗಳನ್ನು ಒದಗಿಸಿತ್ತು. ಖರೀದಿ ಆದೇಶದಲ್ಲಿ ‘ಧ್ವನಿ ಸ್ಪಷ್ಟವಾಗಿಯೂ ಸಾಕಷ್ಟು ಜೋರಾಗಿಯೂ ಇರತಕ್ಕದ್ದು’ ಎಂದಷ್ಟೇ ಇತ್ತು. ಎರಡು ತಿಂಗಳ ನಂತರ ಖರೀದಿದಾರರು ‘ಸರಿಯಾಗಿ ಕೇಳಿಸುತ್ತಿಲ್ಲ’ ಎಂದು ಹೇಳಿ ಉಳಿಕೆ ಹಣವನ್ನು ತಡೆಹಿಡಿದರು. ಒಪ್ಪಿಸಿದ ದಿನ ಧ್ವನಿಮಟ್ಟ ಎಷ್ಟಿತ್ತು ಎಂಬುದಕ್ಕೆ ಇಬ್ಬರ ಬಳಿಯೂ ಒಂದು ಅಂಕಿಯೂ ಇರಲಿಲ್ಲ. ವೋಚರ್ ಇಲ್ಲದ ಖರ್ಚಿಗೆ ಲೆಕ್ಕದಲ್ಲಿ ಯಾವ ಬೆಲೆಯೋ, ಅಳತೆ ಇಲ್ಲದ ಧ್ವನಿಗೆ ವ್ಯವಹಾರದಲ್ಲಿ ಅದೇ ಬೆಲೆ. ಆದ್ದರಿಂದ ಧ್ವನಿಮಟ್ಟವನ್ನು ಅಳೆಯುವ, ಹೊಂದಿಸುವ ಮತ್ತು ದಾಖಲಿಸುವ ಕ್ರಮವನ್ನು, ಅದರಿಂದ ಉಂಟಾಗುವ ಹಣಕಾಸಿನ ಪರಿಣಾಮಗಳೊಂದಿಗೆ, ಈ ಲೇಖನದಲ್ಲಿ ವಿವರಿಸಲಾಗಿದೆ.

ವ್ಯವಸ್ಥೆಯ ಸ್ವರೂಪ

ತಂತಿ ಇಂಟರ್‌ಕಾಮ್‌ಗಳಲ್ಲಿ ಹಲವು ಬಗೆಗಳಿವೆ. ಇಲ್ಲಿ ಪಾರ್ಟಿ ಲೈನ್ ಎಂಬ ಬಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದರಲ್ಲಿ ಎಲ್ಲ ಸ್ಟೇಷನ್‌ಗಳೂ ಒಂದೇ ಲೈನಿಗೆ ಸಮಾಂತರವಾಗಿ ಜೋಡಣೆಗೊಂಡು, ಒಬ್ಬರು ಆಡಿದ ಮಾತು ಎಲ್ಲರಿಗೂ ಕೇಳಿಸುತ್ತದೆ. 1968ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಆರಂಭವಾದ ಕ್ಲಿಯರ್‌ಕಾಮ್ ಸಂಸ್ಥೆಯ ಮಾದರಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್ ಬಳಸಲಾಗುತ್ತದೆ. ಮೊದಲನೆಯ ಪಿನ್ ಸಾಮಾನ್ಯ ತಂತಿ, ಎರಡನೆಯದು ಸುಮಾರು 30 ವೋಲ್ಟ್ ಏಕಮುಖ ವಿದ್ಯುತ್, ಮೂರನೆಯದು ಧ್ವನಿ. ಆರ್‌ಟಿಎಸ್ ಸಂಸ್ಥೆಯ ಮಾದರಿಯಲ್ಲಿ ಪಿನ್‌ಗಳ ಹಂಚಿಕೆ ಬೇರೆಯಾಗಿದೆ. ಕನೆಕ್ಟರ್ ಒಂದೇ ರೀತಿ ಕಾಣುವುದರಿಂದ ಎರಡನ್ನೂ ಬೆರೆಸಿ ಖರೀದಿಸಿದ ವ್ಯಾಪಾರಿಗಳು ತೊಂದರೆಗೊಳಗಾಗುವುದುಂಟು.

ಇಂಥ ಲೈನಿಗೆ ಒಂದೇ ಒಂದು ಕಡೆ 200 ಓಮ್ ಟರ್ಮಿನೇಷನ್ ಇರಬೇಕು. ಸಾಮಾನ್ಯವಾಗಿ ಇದು ಮುಖ್ಯ ಸ್ಟೇಷನ್‌ನಲ್ಲಿ ಅಥವಾ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿರುತ್ತದೆ. ಎರಡು ಕಡೆ ಟರ್ಮಿನೇಷನ್ ಆದರೆ ಇಡೀ ಲೈನಿನ ಮಟ್ಟ ಸುಮಾರು 6 ಡೆಸಿಬೆಲ್ ಕುಸಿಯುತ್ತದೆ. ಎಲ್ಲಿಯೂ ಇಲ್ಲದಿದ್ದರೆ ಮಟ್ಟ ವಿಪರೀತ ಏರಿ ಕೂಗುಸದ್ದು ಆರಂಭವಾಗುತ್ತದೆ. ಇದು ತಿಳಿಯದೆ ಒಂದೊಂದು ಸ್ಟೇಷನ್ನಿನ ವಾಲ್ಯೂಮ್ ತಿರುಗಿಸುತ್ತಾ ಹೋಗುವುದು, ಒಂದು ಮೂಲ ತಪ್ಪನ್ನು ಬಿಟ್ಟು ಇಪ್ಪತ್ತು ಖಾತೆಗಳಲ್ಲಿ ಹೊಂದಾಣಿಕೆ ನಮೂದು ಬರೆದಂತೆ.

ಡೆಸಿಬೆಲ್ ಎಂಬ ಅಳತೆ

ಡೆಸಿಬೆಲ್ ಎಂಬುದು ಕಿಲೋ ಅಥವಾ ಮೀಟರಿನಂತೆ ಸ್ವತಂತ್ರ ಪರಿಮಾಣವಲ್ಲ. ಅದು ಎರಡು ಪರಿಮಾಣಗಳ ಅನುಪಾತ. 1920ರ ದಶಕದಲ್ಲಿ ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯ ತಂತ್ರಜ್ಞರು ಲೈನಿನಲ್ಲಾಗುವ ನಷ್ಟವನ್ನು ಅಳೆಯಲು ಇದನ್ನು ರೂಪಿಸಿದರು. ವೋಲ್ಟೇಜ್ ಇಮ್ಮಡಿಯಾದರೆ 6 ಡೆಸಿಬೆಲ್, ವಿದ್ಯುತ್ ಶಕ್ತಿ ಇಮ್ಮಡಿಯಾದರೆ 3 ಡೆಸಿಬೆಲ್, ಶಕ್ತಿ ಹತ್ತು ಪಟ್ಟಾದರೆ 10 ಡೆಸಿಬೆಲ್ ಏರಿಕೆ ಎಂದು ನೆನಪಿಟ್ಟರೆ ವ್ಯವಹಾರಕ್ಕೆ ಸಾಕು.

ಅನುಪಾತವಾದ್ದರಿಂದ ‘ಯಾವುದಕ್ಕೆ ಹೋಲಿಸಿ’ ಎಂಬುದನ್ನು ಹೇಳಲೇಬೇಕು. 0.775 ವೋಲ್ಟ್‌ಗೆ ಹೋಲಿಸಿದರೆ ಅದು ಡಿಬಿಯು. 1 ವೋಲ್ಟ್‌ಗೆ ಹೋಲಿಸಿದರೆ ಡಿಬಿವಿ. ಇವೆರಡರ ನಡುವೆ ಸುಮಾರು 2.2ರ ಅಂತರವಿದೆ. ಗಾಳಿಯಲ್ಲಿನ ಶಬ್ದಕ್ಕೆ 20 ಮೈಕ್ರೋಪ್ಯಾಸ್ಕಲ್ ಒತ್ತಡವೇ ಆಧಾರ. ಕೊಟೇಷನ್ನಿನಲ್ಲಿ ‘ಲೈನ್ ಮಟ್ಟ ಮೈನಸ್ 10 ಡೆಸಿಬೆಲ್’ ಎಂದಷ್ಟೇ ಬರೆದರೆ ಅದು ನಾಣ್ಯದ ಹೆಸರಿಲ್ಲದೆ ‘ಬೆಲೆ 10’ ಎಂದು ಬರೆದಂತಾಗುತ್ತದೆ.

ಉಪಕರಣಗಳು ಮತ್ತು ಅವುಗಳ ಪ್ರಮಾಣಪತ್ರ

ಸಣ್ಣ ಘಟಕಕ್ಕೆ ಬೇಕಾದುದು ನಾಲ್ಕು ಉಪಕರಣಗಳು: 1 ಕಿಲೋಹರ್ಟ್ಸ್ ಸ್ವರವನ್ನು ನೀಡುವ ಜನರೇಟರ್, ಟ್ರೂ ಆರ್‌ಎಂಎಸ್ ಮಲ್ಟಿಮೀಟರ್, ಐಇಸಿ 61672 ಮಾನಕದ 2ನೇ ದರ್ಜೆಯ ಶಬ್ದಮಾಪಕ, ಮತ್ತು ಶಬ್ದಮಾಪಕವನ್ನು ಸ್ಥಳದಲ್ಲೇ ತಾಳೆ ನೋಡಲು 1 ಕಿಲೋಹರ್ಟ್ಸ್‌ನಲ್ಲಿ 94 ಡೆಸಿಬೆಲ್ ನೀಡುವ ಅಕೌಸ್ಟಿಕ್ ಕ್ಯಾಲಿಬ್ರೇಟರ್. ಮೊಬೈಲ್ ದೂರವಾಣಿಯ ಆ್ಯಪ್ ತೋರಿಸುವ ಅಂಕಿ ಅಂದಾಜಿಗೆ ಸರಿ, ಸಾಕ್ಷ್ಯಕ್ಕೆ ಸಾಲದು.

ಇಲ್ಲಿ ಪರೀಕ್ಷೆ, ಕ್ಯಾಲಿಬ್ರೇಷನ್, ಹೊಂದಾಣಿಕೆ ಎಂಬ ಮೂರು ಪದಗಳ ವ್ಯತ್ಯಾಸವನ್ನು ತಿಳಿಯಬೇಕು. ವಸ್ತುವು ನಿಗದಿತ ಮಿತಿಯೊಳಗಿದೆಯೇ ಎಂದು ನೋಡುವುದು ಪರೀಕ್ಷೆ. ಅಳೆಯುವ ಸಾಧನವನ್ನು ಅದಕ್ಕಿಂತ ಮೇಲ್ಮಟ್ಟದ ಮಾನಕಕ್ಕೆ ಹೋಲಿಸಿ ವ್ಯತ್ಯಾಸವನ್ನು ದಾಖಲಿಸುವುದು ಕ್ಯಾಲಿಬ್ರೇಷನ್. ತಿರುಪನ್ನು ತಿರುಗಿಸಿ ಮಟ್ಟವನ್ನು ಸರಿಪಡಿಸುವುದು ಹೊಂದಾಣಿಕೆ. ವ್ಯಾಪಾರದ ಮಾತಿನಲ್ಲಿ ಮೂರನ್ನೂ ‘ಕ್ಯಾಲಿಬ್ರೇಷನ್’ ಎಂದೇ ಕರೆಯುವ ರೂಢಿಯಿಂದ ಹಲವು ಗೊಂದಲಗಳು ಹುಟ್ಟಿವೆ.

ಉಪಕರಣಗಳ ಕ್ಯಾಲಿಬ್ರೇಷನ್ನನ್ನು ಐಎಸ್‌ಒ/ಐಇಸಿ 17025ರಂತೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಇಂಥ ಪ್ರಯೋಗಾಲಯಗಳ ಅಳತೆಗಳನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಸಂಸ್ಥೆಗಳು ಕಾಪಾಡುವ ಮೂಲ ಮಾನಕಗಳವರೆಗೆ ಹಂತಹಂತವಾಗಿ ತಾಳೆ ಹಾಕಬಹುದು. ಪ್ರಮಾಣಪತ್ರ ಕೈಸೇರಿದೊಡನೆ ಕಡತಕ್ಕೆ ಹಾಕದೆ ಎರಡು ಅಂಶಗಳನ್ನು ನೋಡಬೇಕು. ಮೊದಲನೆಯದು, ಯಾವ ಬಿಂದುಗಳಲ್ಲಿ ಹೋಲಿಸಲಾಗಿದೆ ಎಂಬುದು. ಮಲ್ಟಿಮೀಟರನ್ನು 50 ಹರ್ಟ್ಸ್‌ನಲ್ಲಿ 230 ವೋಲ್ಟ್‌ಗೆ ಮಾತ್ರ ತಾಳೆ ನೋಡಿದ್ದರೆ, 1 ಕಿಲೋಹರ್ಟ್ಸ್‌ನಲ್ಲಿ ಕಾಲು ವೋಲ್ಟ್ ಅಳೆಯಲು ಆ ಪತ್ರ ಆಧಾರವಾಗದು. ಅಗ್ಗದ ಮೀಟರುಗಳ ನಿಖರತೆಯನ್ನು ತಯಾರಕರು ಅನೇಕ ವೇಳೆ 400 ಹರ್ಟ್ಸ್‌ವರೆಗೆ ಮಾತ್ರ ಖಾತರಿಪಡಿಸುತ್ತಾರೆ. ಎರಡನೆಯದು ಮುಂದಿನ ದಿನಾಂಕ. ಗ್ರಾಹಕರು ಒಪ್ಪಿ ಕೇಳಿದ ಹೊರತು ಪ್ರಯೋಗಾಲಯವು ಮುಂದಿನ ಕ್ಯಾಲಿಬ್ರೇಷನ್ ದಿನಾಂಕವನ್ನು ಸೂಚಿಸುವಂತಿಲ್ಲ. ಆ ಅವಧಿಯನ್ನು ನಿರ್ಧರಿಸುವ ಹೊಣೆ ಉಪಕರಣದ ಒಡೆಯರದು. ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ರೂಢಿ.

ಪರೀಕ್ಷೆಯ ಕ್ರಮ

1. ಪರಿಶೀಲನೆ: ಸ್ವಿಚ್ ಹಾಕುವ ಮೊದಲು ಟರ್ಮಿನೇಷನ್ ಒಂದೇ ಕಡೆ ಇದೆಯೇ, ಪಿನ್‌ಗಳ ಜೋಡಣೆ ಸರಿಯಿದೆಯೇ ಎಂದು ನೋಡಬೇಕು. ಹೆಡ್‌ಸೆಟ್ ಧರಿಸಿದವರಿರುವಾಗ ಲೈನಿಗೆ ಪರೀಕ್ಷಾ ಸ್ವರವನ್ನು ಬಿಡಬಾರದು. ಕಿವಿಗೆ ಅಪಾಯವಾದೀತು.

2. ವಿದ್ಯುತ್: ಎಲ್ಲ ಸ್ಟೇಷನ್‌ಗಳನ್ನು ಚಾಲೂ ಮಾಡಿ ಅತ್ಯಂತ ದೂರದ ಸ್ಟೇಷನ್ನಿನಲ್ಲಿ ಏಕಮುಖ ವೋಲ್ಟೇಜನ್ನು ಅಳೆಯಬೇಕು. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 36 ಓಮ್. 200 ಮೀಟರ್ ದೂರಕ್ಕೆ ಹೋಗಿಬರುವ ತಂತಿ 400 ಮೀಟರ್, ಅಂದರೆ 14.4 ಓಮ್. ಅಲ್ಲಿ ತಲಾ 50 ಮಿಲಿಆಂಪಿಯರ್ ಬಳಸುವ 10 ಸ್ಟೇಷನ್‌ಗಳಿದ್ದರೆ ನಷ್ಟ 7.2 ವೋಲ್ಟ್. 30 ವೋಲ್ಟ್ ಹೊರಟದ್ದು 22.8 ಆಗಿ ತಲುಪುತ್ತದೆ. ಇದು ತಯಾರಕರು ಹೇಳಿದ ಕನಿಷ್ಠ ಮಿತಿಗಿಂತ ಕೆಳಗಿದ್ದರೆ ಮಾತು ಒಡೆದು ಕೇಳಿಸುವುದು. ತಂತಿಯಲ್ಲಿ ಮಾಡಿದ ಉಳಿತಾಯವನ್ನು ವಾಲ್ಯೂಮಿನಿಂದ ತುಂಬಿಕೊಳ್ಳಲಾಗದು.

3. ಮೌನದ ಮಟ್ಟ: ಎಲ್ಲ ಮೈಕ್‌ಗಳನ್ನೂ ಆರಿಸಿ ಲೈನಿನಲ್ಲಿ ಉಳಿದಿರುವ ಗುಂಯ್‌ಗುಡುವಿಕೆಯನ್ನು ಅಳೆಯಬೇಕು. ಮಾತಿನ ಮಟ್ಟ ಮೈನಸ್ 10 ಡಿಬಿಯು ಆದಲ್ಲಿ ಇದು ಕನಿಷ್ಠ 40 ಡೆಸಿಬೆಲ್ ಕೆಳಗೆ, ಅಂದರೆ ಮೈನಸ್ 50 ಡಿಬಿಯು ಅಥವಾ ಸುಮಾರು 2.5 ಮಿಲಿವೋಲ್ಟ್‌ಗಿಂತ ಕಡಿಮೆ ಇರುವಂತೆ ಒಪ್ಪಂದ ಮಾಡಿಕೊಳ್ಳಬಹುದು. ತೆರೆದಿಟ್ಟ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಅವು ತರುವ ಗದ್ದಲ ಸುಮಾರು 3 ಡೆಸಿಬೆಲ್ ಏರುತ್ತದೆ.

4. ಕಳುಹಿಸುವ ಮಟ್ಟ: ಮೈಕ್ ಬದಲಿಗೆ ಜನರೇಟರ್ ಜೋಡಿಸಿ, ತಯಾರಕರು ಸೂಚಿಸಿದಷ್ಟು, ಉದಾಹರಣೆಗೆ 2 ಮಿಲಿವೋಲ್ಟ್ ಸ್ವರವನ್ನು ಕೊಟ್ಟು, ಲೈನಿನಲ್ಲಿ ದೊರೆಯುವ ವೋಲ್ಟೇಜನ್ನು ಬರೆದುಕೊಳ್ಳಬೇಕು. ಒಂದೊಂದು ಸ್ಟೇಷನ್ನಿಗೂ ಇದೇ ಕ್ರಮ.

5. ಸ್ವೀಕರಿಸುವ ಮಟ್ಟ: ಲೈನಿಗೆ ನಿಗದಿತ ಸ್ವರ ಕೊಟ್ಟು, ಸ್ಪೀಕರ್ ಬದಲಿಗೆ ಅಷ್ಟೇ ಓಮ್‌ನ ತಕ್ಕ ವ್ಯಾಟೇಜಿನ ರೆಸಿಸ್ಟರ್ ಜೋಡಿಸಿ ಅಳೆಯಬೇಕು. 8 ಓಮ್‌ಗೆ 2.83 ವೋಲ್ಟ್ ಬಂದರೆ ಅದು 1 ವ್ಯಾಟ್.

6. ಸೈಡ್‌ಟೋನ್: ಮಾತನಾಡುವವನಿಗೆ ತನ್ನದೇ ಧ್ವನಿ ಕಿವಿಯಲ್ಲಿ ಎಷ್ಟು ಕೇಳಿಸಬೇಕೆಂಬ ಹೊಂದಾಣಿಕೆ ಇದು. ಹೆಚ್ಚಾದರೆ ಆತ ಮೆಲ್ಲನೆ ಮಾತನಾಡುತ್ತಾನೆ, ಕಡಿಮೆಯಾದರೆ ಕಿರುಚುತ್ತಾನೆ. ಲೈನಿಗೆ ಸ್ಟೇಷನ್‌ಗಳನ್ನು ಸೇರಿಸಿದಾಗ ಅಥವಾ ತಂತಿ ಉದ್ದವಾದಾಗ ಇದನ್ನು ಮತ್ತೆ ಹೊಂದಿಸಬೇಕು.

7. ಮಾತಿನ ಪರೀಕ್ಷೆ: ಕೊನೆಗೆ ಯಂತ್ರಗಳು ಓಡುತ್ತಿರುವಾಗಲೇ ಒಬ್ಬರು ಇಪ್ಪತ್ತು ಪದಗಳನ್ನು ಓದಬೇಕು, ಇನ್ನೊಬ್ಬರು ಕೇಳಿಸಿದ್ದನ್ನು ಬರೆಯಬೇಕು. ಪರಿಚಿತ ವಾಕ್ಯಗಳನ್ನು ಓದಿದರೆ ಕೇಳುಗರು ಊಹೆಯಿಂದಲೇ ತುಂಬಿಕೊಳ್ಳುತ್ತಾರೆ. ಆದ್ದರಿಂದ ‘ಏರಿಸು, ಇಳಿಸು, ಇರಿಸು’, ‘ಆರು, ನೂರು’ ಮುಂತಾದ, ಒಂದು ಇನ್ನೊಂದರಂತೆ ಕೇಳಿಸಬಹುದಾದ ಪದಗಳನ್ನೇ ಆರಿಸಬೇಕು. ‘ಇರಿಸು’ ಎಂದದ್ದು ‘ಇಳಿಸು’ ಎಂದು ಕೇಳಿಸುವ ಕ್ರೇನಿನ ಇಂಟರ್‌ಕಾಮ್, ವೋಲ್ಟೇಜಿನ ಲೆಕ್ಕದಲ್ಲಿ ತೇರ್ಗಡೆಯಾದರೂ ಕೆಲಸಕ್ಕೆ ಬಾರದು.

ಆರಂಭ ಶಿಲ್ಕು ಮತ್ತು ಅಖೈರು ಶಿಲ್ಕು

ನಮ್ಮ ದಾಖಲೆಗಳಲ್ಲಿ ಕಾಣುವ ದೊಡ್ಡ ಕೊರತೆಯೆಂದರೆ, ಹೊಂದಿಸಿದ ನಂತರದ ಅಂಕಿಯನ್ನು ಮಾತ್ರ ಬರೆದು ಹೊಂದಿಸುವ ಮೊದಲಿನ ಅಂಕಿಯನ್ನು ಬಿಡುವುದು. ಅಖೈರು ಶಿಲ್ಕು ಮಾತ್ರವಿರುವ ನಗದು ಪುಸ್ತಕವನ್ನು ಯಾರೂ ಒಪ್ಪುವುದಿಲ್ಲ. ಕಳುಹಿಸುವ ಮಟ್ಟ ಮೈನಸ್ 10 ಡಿಬಿಯು, ಅಂದರೆ 0.245 ವೋಲ್ಟ್, ಅನುಮತಿಸಿದ ವ್ಯತ್ಯಾಸ 2 ಡೆಸಿಬೆಲ್ ಹೆಚ್ಚು ಅಥವಾ ಕಡಿಮೆ ಎಂದು ಭಾವಿಸಿ, ವಿವರಣೆಗಾಗಿ ಊಹಿಸಿದ ಅಂಕಿಗಳಿಂದ ಮಾಡಿದ ಒಂದು ಮಾದರಿ ಇಲ್ಲಿದೆ:

ಸ್ಟೇಷನ್ 1: ಮೊದಲು 0.245 ವೋಲ್ಟ್, ಮೈನಸ್ 10.0 ಡಿಬಿಯು. ಹೊಂದಾಣಿಕೆ ಇಲ್ಲ.
ಸ್ಟೇಷನ್ 2: ಮೊದಲು 0.232 ವೋಲ್ಟ್, ಮೈನಸ್ 10.5 ಡಿಬಿಯು. ಹೊಂದಾಣಿಕೆ ಇಲ್ಲ.
ಸ್ಟೇಷನ್ 3: ಮೊದಲು 0.190 ವೋಲ್ಟ್, ಮೈನಸ್ 12.2 ಡಿಬಿಯು. ಮಿತಿಯ ಹೊರಗೆ. ಹೊಂದಿಸಿದ ನಂತರ 0.240 ವೋಲ್ಟ್, ಮೈನಸ್ 10.2 ಡಿಬಿಯು.

ಇಂಥ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಬರೆದಿಟ್ಟರೆ ಅದು ತಾನಾಗಿಯೇ ಮಾತನಾಡುತ್ತದೆ. 3ನೇ ಸ್ಟೇಷನ್ ಪ್ರತಿ ಬಾರಿಯೂ 2 ಡೆಸಿಬೆಲ್ ಕುಸಿಯುತ್ತಿದ್ದರೆ ಅದಕ್ಕೆ ಬೇಕಾದುದು ಹೊಂದಾಣಿಕೆಯಲ್ಲ, ದುರಸ್ತಿ. ಎಲ್ಲ ಸ್ಟೇಷನ್‌ಗಳೂ ಒಮ್ಮೆಗೇ ಮೈನಸ್ 16ಕ್ಕೆ, ಅಂದರೆ ಸುಮಾರು 0.123 ವೋಲ್ಟ್‌ಗೆ ಇಳಿದಿದ್ದರೆ ದೋಷ ಸ್ಟೇಷನ್‌ಗಳದಲ್ಲ. ಯಾರೋ ಎರಡನೆಯ ಟರ್ಮಿನೇಷನ್ ಹಾಕಿರುವ ಸಂಭವ ಹೆಚ್ಚು. ಮೊದಲಿನ ಅಂಕಿಯನ್ನು ಬರೆಯದವರಿಗೆ ಈ ಎರಡೂ ತಿಳಿಯುವುದಿಲ್ಲ.

ಕಿವಿಗೆ ತಲುಪುವ ಮಟ್ಟ

ಲೈನಿನ ಲೆಕ್ಕ ಸರಿಯಾದರೂ ಕೇಳುಗನ ಸುತ್ತಲಿನ ಗದ್ದಲವನ್ನು ಮರೆಯಬಾರದು. ಮಾತು ಅರ್ಥವಾಗಲು ಅದು ಗದ್ದಲಕ್ಕಿಂತ ಸಾಮಾನ್ಯವಾಗಿ 10ರಿಂದ 15 ಡೆಸಿಬೆಲ್ ಮೇಲಿರಬೇಕು. ಯಂತ್ರಶಾಲೆಯಲ್ಲಿ 80 ಡೆಸಿಬೆಲ್ ಗದ್ದಲವಿದ್ದರೆ ಕನಿಷ್ಠ 90 ಬೇಕು. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ನೀಡುವ ಸ್ಪೀಕರ್, ಬಯಲಿನಲ್ಲಿ 4 ಮೀಟರ್ ದೂರಕ್ಕೆ 12 ಕಳೆದುಕೊಂಡು 76 ಮಾತ್ರ ನೀಡುತ್ತದೆ. ಉಳಿದ 14 ಡೆಸಿಬೆಲ್ ತುಂಬಲು 25 ಪಟ್ಟು ಶಕ್ತಿ, ಅಂದರೆ 25 ವ್ಯಾಟ್ ಬೇಕು. ಒಂದೆರಡು ವ್ಯಾಟಿನ ಮೇಜಿನ ಸ್ಟೇಷನ್ನಿಂದ ಇದು ಆಗದ ಕೆಲಸ. ಅಲ್ಲಿ ಹೆಡ್‌ಸೆಟ್ ಮಾರುವುದೇ ಪ್ರಾಮಾಣಿಕ ವ್ಯಾಪಾರ. ಆದೇಶ ಪಡೆಯುವ ಮುನ್ನ ಶಬ್ದಮಾಪಕದೊಂದಿಗೆ ಅರ್ಧ ಗಂಟೆ ಕಳೆದರೆ ಈ ಸತ್ಯ ತಿಳಿಯುತ್ತದೆ.

ಹೊರಾಂಗಣದಲ್ಲಿ ಹಾರ್ನ್ ಸ್ಪೀಕರ್ ಬಳಸುವವರು 2000ದ ಶಬ್ದ ಮಾಲಿನ್ಯ ನಿಯಮಗಳನ್ನು ಗಮನಿಸಬೇಕು. ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 75, ರಾತ್ರಿ 70 ಡೆಸಿಬೆಲ್; ವಾಣಿಜ್ಯ ಪ್ರದೇಶಕ್ಕೆ ಕ್ರಮವಾಗಿ 65 ಮತ್ತು 55 ಎಂದು ಮಿತಿಗಳಿವೆ.

ಅಂಗೀಕಾರದ ದಿನ: ಕಾನೂನಿನ ಲೆಕ್ಕ

ಈಗ ಹಣದ ವಿಷಯ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನಂತೆ ಕಿರು ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಆದರೆ ಅಂಗೀಕಾರದಿಂದ 45 ದಿನ ಮೀರದಂತೆ ಹಣ ಪಾವತಿಸಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳ ಲೆಕ್ಕ. ಸರಕು ತಲುಪಿದ ಅಥವಾ ಸೇವೆ ಸಂದ ದಿನದಿಂದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಆ ದಿನವೇ ಅಂಗೀಕಾರದ ದಿನವೆಂದು ಭಾವಿಸಲಾಗುತ್ತದೆ. ಆಕ್ಷೇಪ ಸಲ್ಲಿಸಿದರೆ ಅದನ್ನು ನಿವಾರಿಸಿದ ದಿನವೇ ಅಂಗೀಕಾರದ ದಿನ. ವಿಳಂಬಕ್ಕೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ತೆರಬೇಕು. ಈ ಬಡ್ಡಿಯನ್ನು ಖರೀದಿದಾರರು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ.

ಧ್ವನಿಮಟ್ಟದ ಪಟ್ಟಿಯ ಬೆಲೆ ತಿಳಿಯುವುದು ಇಲ್ಲಿಯೇ. ಇಬ್ಬರೂ ಸಹಿ ಮಾಡಿದ ಪಟ್ಟಿ ಅಂಗೀಕಾರದ ದಿನವನ್ನು ಖಚಿತಪಡಿಸುತ್ತದೆ. ಖರೀದಿದಾರರಿಗೂ ಇದು ರಕ್ಷಣೆಯೇ. ‘ಸರಿಯಾಗಿ ಕೇಳಿಸುತ್ತಿಲ್ಲ’ ಎಂಬ ಬಾಯಿಮಾತಿನ ದೂರಿಗಿಂತ ‘7ನೇ ಸ್ಟೇಷನ್ ಮೈನಸ್ 15 ಡಿಬಿಯು, ಒಪ್ಪಿದ್ದು ಮೈನಸ್ 10’ ಎಂದು 15 ದಿನಗಳೊಳಗೆ ಬರೆದ ಪತ್ರ ಬಲವಾದುದು. 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯ 43ಬಿ ಕಲಮಿಗೆ ಸೇರಿಸಿದ ‘ಎಚ್’ ಉಪಬಂಧದಿಂದ, 2024–25ರ ಕರನಿರ್ಧರಣಾ ವರ್ಷದಿಂದ ಆರಂಭಿಸಿ, ಈ ಅವಧಿ ಮೀರಿದ ಬಾಕಿಯ ಖರ್ಚು ಹಣ ಕೊಟ್ಟ ವರ್ಷದಲ್ಲಿ ಮಾತ್ರ ದೊರೆಯುವಂತಾಯಿತು. 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ತ್ವವನ್ನು ಉಳಿಸಿಕೊಳ್ಳಲಾಗಿದೆ.

ಎರಡು ಎಚ್ಚರಿಕೆಗಳು ಅಗತ್ಯ. ಉದ್ಯಮ್ ನೋಂದಣಿ ಇದ್ದರೂ, ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಸರ್ಕಾರಿ ಸೂಚನೆಯಂತೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರವಿದ್ದು, ವಿಳಂಬ ಪಾವತಿಯ ರಕ್ಷಣೆ ಇಲ್ಲ. ಅವರಿಗೆ ಖರೀದಿ ಆದೇಶದ ಷರತ್ತೇ ಆಸರೆ. ಇನ್ನು, ಸರಬರಾಜು ಮತ್ತು ಜೋಡಣೆ ಬೆರೆತ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸುವುದೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ವಾದಗಳು ನಡೆದಿರುವುದರಿಂದ, ಸರಕಿನ ಬೆಲೆ ಮತ್ತು ಜೋಡಣೆಯ ಶುಲ್ಕವನ್ನು ಬೇರೆಬೇರೆಯಾಗಿ ತೋರಿಸುವುದು ಲೇಸು.

ಲೆಕ್ಕಪತ್ರದಲ್ಲಿ ನಮೂದು

ಹೊಸ ಇಂಟರ್‌ಕಾಮ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ತಗಲುವ ಪರೀಕ್ಷಾ ವೆಚ್ಚವನ್ನು ಲೆಕ್ಕಪತ್ರ ಮಾನಕ 10ರಂತೆ ಆಸ್ತಿಯ ಬೆಲೆಗೆ ಸೇರಿಸಬಹುದು. ನಂತರದ ನಿಯತಕಾಲಿಕ ಪರೀಕ್ಷೆ ಮತ್ತು ಉಪಕರಣಗಳ ಕ್ಯಾಲಿಬ್ರೇಷನ್ ವೆಚ್ಚವು ಆಯಾ ವರ್ಷದ ಖರ್ಚು. ತಯಾರಕರು ವಾರಂಟಿಗಾಗಿ ಮಾನಕ 29ರಂತೆ ಮೀಸಲಿಡುವಾಗ, ಯಾವ ಮಾದರಿಯ ಸ್ಟೇಷನ್ ಎಷ್ಟು ಬಾರಿ ಮಿತಿಯ ಹೊರಗೆ ಹೋಯಿತು ಎಂಬ ಪಟ್ಟಿಯೇ ಅಂದಾಜಿಗೆ ಉತ್ತಮ ಆಧಾರವಾಗುತ್ತದೆ.

ಷರತ್ತಿನ ಮಾದರಿ

ಖರೀದಿ ಆದೇಶದಲ್ಲಿ ಈ ಕೆಳಗಿನಂತೆ ಬರೆಯಬಹುದು. ಅಂಕಿಗಳನ್ನು ತಮ್ಮ ವ್ಯವಸ್ಥೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

‘ಪ್ರತಿ ಸ್ಟೇಷನ್ನಿನ ಕಳುಹಿಸುವ ಮಟ್ಟವು 1 ಕಿಲೋಹರ್ಟ್ಸ್‌ನಲ್ಲಿ, 200 ಓಮ್ ಲೈನಿನ ಮೇಲೆ, ಮೈನಸ್ 10 ಡಿಬಿಯು ಇರತಕ್ಕದ್ದು. ವ್ಯತ್ಯಾಸ 2 ಡೆಸಿಬೆಲ್ ಮೀರಕೂಡದು. ಎಲ್ಲ ಮೈಕ್‌ಗಳನ್ನು ಆರಿಸಿದಾಗ ಲೈನಿನ ಮಟ್ಟ ಮೈನಸ್ 50 ಡಿಬಿಯು ಮೀರಕೂಡದು. ಯಂತ್ರಗಳು ಚಾಲನೆಯಲ್ಲಿರುವಾಗ ಓದಿದ 20 ಪದಗಳಲ್ಲಿ 19 ಸರಿಯಾಗಿ ಗುರುತಿಸಲ್ಪಡತಕ್ಕದ್ದು. ಪರೀಕ್ಷೆಯನ್ನು ಚಾಲ್ತಿಯಲ್ಲಿರುವ ಕ್ಯಾಲಿಬ್ರೇಷನ್ ಪ್ರಮಾಣಪತ್ರವಿರುವ ಉಪಕರಣಗಳಿಂದ, ಉಭಯತ್ರರ ಸಮಕ್ಷಮದಲ್ಲಿ, ಜೋಡಣೆ ಮುಗಿದ 7 ದಿನಗಳೊಳಗೆ ನಡೆಸಿ, ಮೊದಲಿನ ಮತ್ತು ನಂತರದ ಅಂಕಿಗಳ ಪಟ್ಟಿಗೆ ಇಬ್ಬರೂ ಸಹಿ ಮಾಡತಕ್ಕದ್ದು. ಸಹಿಯ ದಿನವೇ ಅಂಗೀಕಾರದ ದಿನ. ಖರೀದಿದಾರರು ಹಾಜರಾಗದಿದ್ದಲ್ಲಿ ಸರಬರಾಜುದಾರರು ಲಿಖಿತ ಸೂಚನೆ ನೀಡಿ ಪರೀಕ್ಷೆ ಪೂರೈಸಬಹುದು.’

ಉಪಸಂಹಾರ

ಇಲ್ಲಿ ಹೇಳಿದ ಕ್ರಮಕ್ಕೆ ಹತ್ತು ಸ್ಟೇಷನ್‌ಗಳ ವ್ಯವಸ್ಥೆಯಲ್ಲಿ ಒಂದು ದಿನದ ದುಡಿಮೆ ಸಾಕು. ಸರಬರಾಜುದಾರರು ಸಹಿ ಮಾಡಿದ ಪಟ್ಟಿಯ ಒಂದು ಪ್ರತಿಯನ್ನು ಬಿಲ್ಲಿನೊಂದಿಗೆ ಲಗತ್ತಿಸಿ, ಇನ್ನೊಂದನ್ನು ಸ್ಟೇಷನ್ ಕ್ರಮಸಂಖ್ಯೆಯಂತೆ ಕಡತದಲ್ಲಿ ಇಡಬೇಕು. ಖರೀದಿದಾರರು ಅದೇ ಪಟ್ಟಿಯ ಮುಂದಿನ ಅಂಕಣದಲ್ಲಿ ಆರು ತಿಂಗಳ ಅಂಕಿಗಳನ್ನು ಬರೆಸಬೇಕು. ಈಗಾಗಲೇ ಇಂಟರ್‌ಕಾಮ್ ಹೊಂದಿರುವ ಸದಸ್ಯರು ಈ ತಿಂಗಳಲ್ಲೇ ದೂರದ ಸ್ಟೇಷನ್ನಿನ ವೋಲ್ಟೇಜ್ ಮತ್ತು ಟರ್ಮಿನೇಷನ್‌ಗಳ ಸಂಖ್ಯೆ, ಇವೆರಡನ್ನಾದರೂ ನೋಡಿಸಿಕೊಳ್ಳಬೇಕೆಂದು ವಿನಂತಿ.